ಒದ್ದೆ ಸಗ್ಡನ್

ಕ್ಲಿಫರ್ಡ್ ಸಗ್ಡನ್‌ಗೆ ಆ ಹೆಸರು ಅಂಟಿದ್ದು ಎಂಟನೆಯ ವಯಸ್ಸಿನಲ್ಲಿ. ಗಣಿತದ ಪಾಠ ನಡೆಯುತ್ತಿದ್ದಾಗ ಹೊರಗೆ ಹೋಗಬೇಕೆಂದು ಅವನು ಮೂರು ಸಲ ಕೈಯೆತ್ತಿದ. ಹೋಲ್‌ರಾಯ್ಡ್ ಮೇಷ್ಟ್ರು ಮೂರು ಸಲವೂ "ಕೂತ್ಕೋ" ಅಂದರು. ನಾಲ್ಕನೆಯ ಸಲ ಕೇಳುವ ಅಗತ್ಯ ಬೀಳಲಿಲ್ಲ. ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ಹತ್ತಿಸಿ, "ನೋಡ್ರೋ, ಇವತ್ತಿಂದ ಇವನು ಒದ್ದೆ ಸಗ್ಡನ್" ಅಂದರು. ತರಗತಿಗೆ ತರಗತಿಯೇ ನಕ್ಕಿತು. ಗಂಟೆ ಹೊಡೆಯುವ ತನಕ ಅವನನ್ನು ಇಳಿಯಲು ಬಿಡಲಿಲ್ಲ.

ಕಾಲ್ಡರ್ ನದಿಯ ದಂಡೆಯ ನಮ್ಮ ಊರು ಚಿಕ್ಕದು. ಇಲ್ಲಿ ಇಟ್ಟ ಹೆಸರು ಚರ್ಮಕ್ಕಿಂತ ಗಟ್ಟಿ. ಮದುವೆಯ ಊಟದಲ್ಲಿ ಅವನ ಸ್ವಂತ ಅಣ್ಣನೇ ಗ್ಲಾಸು ಎತ್ತಿ, "ನಮ್ಮ ಒದ್ದೆಗೆ ಕೊನೆಗೂ ಒಣಗಿಸೋಳು ಸಿಕ್ಕಿದ್ಲು!" ಅಂದ. ಹನ್ನೊಂದು ವರ್ಷದ ಮೇಲೆ ಆ ಹೆಂಡತಿ ಬಿಟ್ಟು ಹೋಗುವಾಗ ಬಾಗಿಲಲ್ಲಿ ನಿಂತು ಕೂಗಿದ್ದೂ ಅದೇ ಹೆಸರನ್ನು. ಉಣ್ಣೆಯ ಗಿರಣಿ ಮುಚ್ಚಿದಾಗ ಅವನಿಗೆ ಸಿಕ್ಕ ಕೆಲಸವೋ, ನೆರೆ ಹೊಕ್ಕ ಮನೆಗಳನ್ನು ಒಣಗಿಸಿ ಸರಿಮಾಡುವುದು. ಪಬ್ಬಿನಲ್ಲಿ ವಾರಗಟ್ಟಲೆ ನಗು ನಿಲ್ಲಲಿಲ್ಲ.

ನಾನು ಜಾನೆಟ್ ಕ್ರಾಸ್ಲಿ. ಹದಿನೆಂಟು ವರ್ಷ ಅವನ ಜೊತೆ ಅದೇ ವ್ಯಾನಿನಲ್ಲಿ ತಿರುಗಿದವಳು. ಅವನು ಅಳೆಯುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಗೋಡೆಗೆ ಎರಡು ಸೂಜಿ ಚುಚ್ಚಿದರೆ ತೇವ ಎಷ್ಟೆಂದು ಪುಟ್ಟ ಯಂತ್ರವೊಂದು ತೋರಿಸುತ್ತದೆ. ಮರದಲ್ಲಿ ತೇವ ನೂರಕ್ಕೆ ಹದಿನಾರರ ಕೆಳಗಿದ್ದರೆ ಚಿಂತೆಯಿಲ್ಲ, ಇಪ್ಪತ್ತು ದಾಟಿತೋ ಕೊಳೆಯಲು ಶುರು. ಕ್ಲಿಫರ್ಡ್‌ಗೆ ಆ ಯಂತ್ರವೂ ಬೇಕಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ, ಮೂಗು ಹತ್ತಿರ ಹಿಡಿದು ಹೇಳಿಬಿಡುತ್ತಿದ್ದ. ಬೇರೆಯವರು ಒಡೆದು ಬಿಸಾಡಿ ಅನ್ನುತ್ತಿದ್ದ ಅಡುಗೆಮನೆಗಳನ್ನು ಅವನು ಫ್ಯಾನು ಹಚ್ಚಿ ಮೂರು ವಾರ ಕಾದು ಉಳಿಸಿಕೊಡುತ್ತಿದ್ದ. "ಒಡೆಯೋಕೆ ಯಾವ ಕತ್ತೆಗೂ ಬರುತ್ತೆ ಕಣೇ," ಅನ್ನುತ್ತಿದ್ದ. ಮುಂದೆ ಹೇಳುವುದನ್ನು ಮಾಡಿದವನು ಅಂಥವನು ಎಂದು ಗೊತ್ತಿರಲಿ ಅಂತಲೇ ಇದನ್ನೆಲ್ಲ ಹೇಳುತ್ತಿದ್ದೇನೆ.

ನಾನು ಅವನ ಜೊತೆಗಿದ್ದ ಕೊನೆಯ ವರ್ಷ ನವೆಂಬರಿನಲ್ಲಿ ನದಿ ಉಕ್ಕಿತು. ನೀರು ಇಳಿದ ನಾಲ್ಕನೆಯ ದಿನ ನಮ್ಮ ಪಟ್ಟಿಯಲ್ಲಿ ಹೋಲ್‌ರಾಯ್ಡ್ ಅನ್ನುವ ಹೆಸರಿತ್ತು. ಕ್ಲಿಫರ್ಡ್ ಅದನ್ನು ಓದಿ, ಗಾಡಿ ಆ ಕಡೆ ತಿರುಗಿಸಿದ.

ಮೇಷ್ಟ್ರಿಗೆ ಎಂಬತ್ತೆಂಟಾಗಿತ್ತು. ನೆಟ್ಟಗೆ ನಿಂತಿದ್ದರು, ಟೈ ಕಟ್ಟಿದ್ದರು, ಕಾಲಲ್ಲಿ ರಬ್ಬರ್ ಬೂಟು. ಹಿಂದಿನ ಅಡುಗೆಮನೆ ಕೆಸರಾಗಿತ್ತು. ಮುಂದಿನ ಕೋಣೆ ಎರಡು ಮೆಟ್ಟಿಲು ಮೇಲಿದ್ದುದರಿಂದ ನೀರು ಅಲ್ಲಿಗೆ ಏರಿರಲಿಲ್ಲ. ಆ ಕೋಣೆಯ ಗೋಡೆಗೆ ಸೊಂಟದೆತ್ತರ ಹಳೆಯ ಓಕ್ ಹಲಗೆ. ಅದನ್ನು ಹಿಡಿದುಕೊಂಡು ಅವರ ಹೆಂಡತಿ ವಿನಿಫ್ರೆಡ್ ನಡೆಯುತ್ತಿದ್ದರು. ಅವರಿಗೆ ಕಣ್ಣು ಹೋಗಿ ಆರು ವರ್ಷ, ನೆನಪೂ ಅರ್ಧ ಹೋಗಿತ್ತು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬೆರಳು ಹಲಗೆಯ ಮೇಲೆ ಜಾರಿಸುತ್ತ ಹೋಗಿಬರುತ್ತಿದ್ದರು.

"ಅಡುಗೆಮನೆ ಏನು ಬೇಕಾದ್ರೂ ಮಾಡಿ," ಅಂದರು ಮೇಷ್ಟ್ರು. "ಈ ರೂಮೊಂದು ಮುಟ್ಬೇಡಿ. ಇವಳಿಗೆ ಗೊತ್ತಿರೋದು ಇದೊಂದೇ. ಆಚೆ ಕರ್ಕೊಂಡೋದ್ರೆ ಕಳ್ದೋಗ್ತಾಳೆ."

"ನೋಡೋಣ ಸರ್," ಅಂದ ಕ್ಲಿಫರ್ಡ್.

ಮಂಡಿಯೂರಿ ಹಲಗೆಗೆ ಸೂಜಿ ಚುಚ್ಚಿದ. ನಾನು ಅವನ ಹೆಗಲ ಹಿಂದೆಯೇ ನಿಂತಿದ್ದೆ. ಯಂತ್ರ ಹದಿನಾಲ್ಕು ತೋರಿಸಿತು.

"ಇಪ್ಪತ್ತೆಂಟು," ಅಂದ.

ನಾನು ಅವನ ಮುಖ ನೋಡಿದೆ. ಅವನು ನನ್ನತ್ತ ತಿರುಗಲಿಲ್ಲ. ಪಕ್ಕದ ಹಲಗೆಗೆ ಚುಚ್ಚಿ, "ಮೂವತ್ತೊಂದು. ಬರ್ಕೋ ಜಾನೆಟ್," ಅಂದ.

ನಾನು ಬರೆದುಕೊಂಡೆ.

"ಸರಿಯಾಗಿ ನೋಡಿದ್ರಾ? ನೀರು ಇಲ್ಲಿಗೆ ಬಂದೇ ಇಲ್ವಲ್ಲ," ಅಂದರು ಮೇಷ್ಟ್ರು.

"ಕೆಳಗಿಂದ ಏರುತ್ತೆ ಸರ್. ಹಲಗೆ, ನೆಲ, ಗಾರೆ ಎಲ್ಲ ತೆಗೀಬೇಕು. ಐದು ತಿಂಗಳು. ಅಲ್ಲಿವರೆಗೂ ಮನೆ ಖಾಲಿ ಮಾಡ್ಬೇಕು."

"ಐದು ತಿಂಗಳು!" ಮೇಷ್ಟ್ರ ದನಿ ಕುಸಿಯಿತು. "ಬೇರೆ ದಾರಿ ಇಲ್ವಾ? ದಯವಿಟ್ಟು ಇನ್ನೊಂದ್ಸಲ ನೋಡಿ."

ಕ್ಲಿಫರ್ಡ್ ಯಂತ್ರವನ್ನು ಜೇಬಿಗೆ ಹಾಕಿಕೊಂಡ. ಖರ್ಚು ಕೊಡುವ ವಿಮೆಯವರು ಅವನ ಅಂಕಿಯನ್ನು ಎಂದೂ ಪ್ರಶ್ನಿಸಿದವರಲ್ಲ. ಆಗಲೂ ಪ್ರಶ್ನಿಸಲಿಲ್ಲ.

ವ್ಯಾನಿನಲ್ಲಿ ಕೂತ ಮೇಲೆ ನಾನು ಕೇಳಿದೆ. "ಏನೋ ಇದು?"

"ಆ ಮುದುಕಿ ನಿಂಗೇನಾಗ್ಬೇಕು?"

"ಅವ್ಳು ನಿಂಗೇನು ಮಾಡಿದ್ಲು?"

"ಏನೂ ಮಾಡಿಲ್ಲ," ಅಂದ ಕ್ಲಿಫರ್ಡ್. ಗಾಡಿ ಚಾಲೂ ಮಾಡುತ್ತ, "ಬೇಕಾದ್ರೆ ಹೋಗಿ ಹೇಳು. ಬರೆದಿದ್ದು ನಿನ್ ಕೈ," ಅಂದ.

ನಾನು ಹೋಗಲಿಲ್ಲ, ಹೇಳಲಿಲ್ಲ. ಭಯ ಅಂದುಕೊಳ್ಳಬಹುದು. ನಿಜ ಹೇಳಬೇಕೆಂದರೆ, ಸೋಮಾರಿತನವೂ ಇತ್ತು. ಊರಿನಲ್ಲಿ ಇನ್ನೂ ನಲವತ್ತು ಮನೆ ಬಾಕಿ ಇದ್ದವು.

ಗಂಡಹೆಂಡತಿ ಇಬ್ಬರನ್ನೂ ವಿಮೆಯವರು ಹೆದ್ದಾರಿಯ ಪಕ್ಕದ ಹೋಟೆಲೊಂದಕ್ಕೆ ಕಳಿಸಿದರು. ಎರಡನೆಯ ಮಹಡಿ, ನುಣುಪು ಗೋಡೆ. ಬೆರಳಿಗೆ ಹಿಡಿತವೇ ಸಿಗುತ್ತಿರಲಿಲ್ಲವಂತೆ. ವಿನಿಫ್ರೆಡ್ ದಿನವಿಡೀ ಗೋಡೆ ತಡವುತ್ತ, "ಮನೆಗೆ ಹೋಗೋಣ, ಕತ್ತಲಾಯ್ತು," ಅನ್ನುತ್ತಿದ್ದರಂತೆ. ಒಂದು ವಾರದಲ್ಲಿ ಗಂಡನ ದನಿಯೂ ಗುರುತು ಸಿಗದೆ ಹೋಯಿತು. ಮೇಷ್ಟ್ರು ಕೈ ಹಿಡಿದರೆ "ಕಳ್ಳ, ಕಳ್ಳ" ಎಂದು ಕಿರುಚುತ್ತಿದ್ದರು. ಪಕ್ಕದ ಕೋಣೆಯವರು ದೂರು ಕೊಟ್ಟರು. ಮೂರನೆಯ ವಾರ ಮೇಷ್ಟ್ರು ಕೆಳಗೆ ಚಹಾ ತರಲು ಹೋಗಿದ್ದಾಗ ಆಕೆ ಬಾಗಿಲು ತೆರೆದು ನಡೆಯುತ್ತ ಹೋಗಿ ಮೆಟ್ಟಿಲಿನಿಂದ ಉರುಳಿದರು. ಸೊಂಟ ಮುರಿಯಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ತೀರಿಕೊಂಡರು.

ಅಷ್ಟರಲ್ಲಿ ಹಲಗೆಗಳನ್ನು ಕಿತ್ತಾಗಿತ್ತು. ಕಸದ ತೊಟ್ಟಿಯಲ್ಲಿ ಅವು ಖಣಖಣ ಸದ್ದು ಮಾಡುತ್ತಿದ್ದವು. ಅಷ್ಟು ಒಣಗಿದ್ದವು.

ಏಪ್ರಿಲಿನಲ್ಲಿ ಮನೆ ಒಪ್ಪಿಸಲು ಹೋದೆವು. ಮುಂದಿನ ಕೋಣೆಗೆ ಹೊಸ ಗಾರೆ, ಬಿಳಿ ಬಣ್ಣ. ಮೇಷ್ಟ್ರು ಚಹಾ ಮಾಡಿ ಕೊಟ್ಟರು, ಶುಂಠಿ ಬಿಸ್ಕತ್ತು ತಟ್ಟೆಯಲ್ಲಿಟ್ಟರು. "ಒಳ್ಳೆ ಕೆಲ್ಸ ಮಾಡಿದ್ದೀರಿ," ಎಂದು ಕ್ಲಿಫರ್ಡ್‌ನ ಕೈ ಕುಲುಕಿದರು. "ವಿನಿ ಇದ್ದಿದ್ರೆ ಹೊಸ ಬಣ್ಣದ ವಾಸನೆಗೆ ಬೈತಿದ್ಲು."

"ನನ್ ಗುರ್ತು ಸಿಕ್ತಾ ಸರ್?" ಕೇಳಿದ ಕ್ಲಿಫರ್ಡ್.

"ಇಲ್ವಲ್ಲಪ್ಪ."

"ನಿಮ್ ಹತ್ರ ಓದಿದ್ದೆ. ಒದ್ದೆ ಸಗ್ಡನ್."

ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. ಪ್ರಾಮಾಣಿಕವಾಗಿ ಹುಡುಕಿದರು. ಆಮೇಲೆ ನಕ್ಕು ತಲೆಯಾಡಿಸಿದರು. "ಮೂವತ್ತಾರು ವರ್ಷ ಪಾಠ ಮಾಡ್ದೆ ಕಣಯ್ಯ. ಎಷ್ಟು ಜನಕ್ಕೆ ಏನೇನು ಹೆಸರಿಟ್ನೋ. ಎಲ್ಲಾ ತಮಾಷೆಗೆ. ಈಗ ಯಾವುದೂ ನೆನಪಿಲ್ಲ."

ಕ್ಲಿಫರ್ಡ್‌ನ ಮುಖ ಸುಣ್ಣದಂತಾಯಿತು. ಆ ಗಳಿಗೆಯಲ್ಲಿ ನಾನು ಅವನ ತೋಳು ಹಿಡಿದೆ. ಅವನು ಕೊಡವಿಕೊಂಡ.

"ಈ ರೂಮು ಒದ್ದೆ ಆಗೇ ಇರ್ಲಿಲ್ಲ ಸರ್," ಅಂದ. "ಹದಿನಾಲ್ಕಿತ್ತು. ಬರೀ ಹದಿನಾಲ್ಕು. ನೀವು ಮನೆ ಬಿಡಬೇಕಾಗೇ ಇರ್ಲಿಲ್ಲ."

ಮೇಷ್ಟ್ರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಅವನನ್ನು ಬಿಟ್ಟು ನನ್ನತ್ತ ತಿರುಗಿದರು.

"ನೀವೇ ಅಲ್ವಾ ಬರ್ಕೊಂಡಿದ್ದು?"

"ಹೌದು."

"ನಿಮಗೂ ಗೊತ್ತಿತ್ತಾ?"

"ಗೊತ್ತಿತ್ತು," ಅಂದೆ.

ಅವರು ಬಿಸ್ಕತ್ತಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ತಟ್ಟೆ ತೊಳೆಯುತ್ತಿದ್ದರೇನೋ. ನಾವು ಕಾದೆವು. ಅವರು ಹೊರಗೆ ಬರಲೇ ಇಲ್ಲ.

ಅವರು ದೂರು ಕೊಡುತ್ತಾರೆಂದು ನಾನು ತಿಂಗಳುಗಟ್ಟಲೆ ಕಾದೆ. ಕೊಡಲಿಲ್ಲ. ಯಾಕೆಂದು ಇವತ್ತಿಗೂ ತಿಳಿಯದು. ಆ ವರ್ಷವೇ ಮನೆ ಮಾರಿ, ಸಮುದ್ರತೀರದ ವೃದ್ಧಾಶ್ರಮವೊಂದಕ್ಕೆ ಹೋಗಿ, ಅಲ್ಲೇ ತೀರಿಕೊಂಡರಂತೆ.

ಒಮ್ಮೆ ಪಬ್ಬಿನಲ್ಲಿ ಕ್ಲಿಫರ್ಡ್‌ನನ್ನು ಕೇಳಿದೆ. "ಸಮಾಧಾನ ಆಯ್ತೇನೋ?"

"ಅವನಿಗೆ ನೆನಪೇ ಇರ್ಲಿಲ್ವಲ್ಲೇ," ಅಂದ. ಕಣ್ಣಲ್ಲಿ ನೀರಿತ್ತು. ಸತ್ತ ಆ ಹೆಂಗಸಿನ ವಿಷಯವೇ ಅವನ ಬಾಯಲ್ಲಿ ಬರಲಿಲ್ಲ. ಬಹುಶಃ ಮನಸ್ಸಿನಲ್ಲೂ ಬರಲಿಲ್ಲ. ಆಮೇಲೆ ಎದುರಿಗಿದ್ದ ಮಾಂಸದ ಪೈ ಪೂರ್ತಿ ತಿಂದು ಮುಗಿಸಿದ.

ನಾನು ಆ ಬೇಸಿಗೆಯಲ್ಲಿ ಕೆಲಸ ಬಿಟ್ಟು ಬೇಕರಿ ಸೇರಿದೆ. ಅವನು ಇನ್ನೂ ಏಳು ವರ್ಷ ದುಡಿದ. ಕಳೆದ ಫೆಬ್ರವರಿಯಲ್ಲಿ ಹೃದಯ ನಿಂತು ಸತ್ತ. ಚರ್ಚು ತುಂಬಿತ್ತು. ಅವನು ಮನೆ ಉಳಿಸಿಕೊಟ್ಟವರೆಲ್ಲ ಬಂದಿದ್ದರು, ಕೆಲವರು ಬಿಕ್ಕಿ ಬಿಕ್ಕಿ ಅತ್ತರು. ಪಾದ್ರಿ ನನ್ನನ್ನೂ ಎರಡು ಮಾತಾಡಲು ಕರೆದರು. ಎದ್ದು ನಿಂತು, ಅವನಷ್ಟು ಕಸುಬು ಬಲ್ಲವರನ್ನು ನಾನು ಕಂಡಿಲ್ಲ ಎಂದು ಹೇಳಿ ಕೂತೆ.