ಎಬನ್ ಪರ್ಕಿಸ್ ಹೊಡೆದ ಸುಳ್ಳು ಗಂಟೆ

ಎಬನಣ್ಣನನ್ನು ನಾನು ಮೊದಲು ಕಂಡ ದಿನ ಅವನ ಬೆನ್ನು ಮಾತ್ರ ಕಂಡೆ. ಮದುವೆಯಾಗಿ ವಿರಿನ್ ಕೊಲ್ಲಿಗೆ ಬಂದ ವಾರವೇ ನಮ್ಮವರು ನನ್ನ ಕೈಗೆ ರೊಟ್ಟಿಯ ಚೀಲ ಕೊಟ್ಟು, ಗುಡ್ಡದ ಮೇಲಿನ ಕಾವಲುಗಾರನಿಗೆ ಕೊಟ್ಟು ಬಾ ಅಂದಿದ್ದರು. ಅಲ್ಲಿ ಒಂದು ಹಲಗೆ ಗುಡಿಸಲು, ಕಂಬಕ್ಕೆ ತೂಗುಹಾಕಿದ ಗಂಟೆ, ಪೆಟ್ಟಿಗೆಯ ಮೇಲೆ ಕೂತ ಅಗಲವಾದ ಬೆನ್ನು.

"ಯಾರು?" ಅಂದಿತು ಬೆನ್ನು.

"ಟಾಲಿಯವರ ಹೆಂಡತಿ, ಡೋರ್ಕಸ್."

"ನೋಡೋಕೆ ಚೆನ್ನಾಗಿದೀಯಾ?"

"ತಿರುಗಿದ್ರೆ ಗೊತ್ತಾಗುತ್ತೆ."

"ತಿರುಗೋಕಾಗಲ್ಲ ತಾಯಿ. ನಾನು ತಿರುಗಿದ ಗಳಿಗೇಲೇ ಅದು ನೀರು ಚಿಮ್ಸುತ್ತೆ." ಹಿಂದಕ್ಕೆ ಕೈ ಚಾಚಿ ರೊಟ್ಟಿ ಇಸಿದುಕೊಂಡ. ಕಣ್ಣು ಸಮುದ್ರದ ಮೇಲೇ ಇತ್ತು.

ಅದು ಅಂದರೆ ತಿಮಿಂಗಿಲ; ಅದರ ಬೇಟೆಯೇ ನಮ್ಮೂರಿನ ಅನ್ನ. ನೀರು ಚಿಮ್ಮಿದ್ದು ಕಂಡರೆ ಎಬನಣ್ಣ ಗಂಟೆ ಹೊಡೆದು "ಚಿಮ್ತೋ! ಚಿಮ್ತೋ!" ಅಂತ ಕೂಗುತ್ತಿದ್ದ. ಆಗ ಊರಲ್ಲಿ ಯಾರು ಏನು ಮಾಡುತ್ತಿದ್ದರೂ ಹಾಗೇ ಬಿಟ್ಟು ಓಡಬೇಕು. ಗಂಡಸರು ದೋಣಿಗೆ, ಹೆಂಗಸರು ರೊಟ್ಟಿ, ನೀರು ಹಿಡಿದು ದೋಣಿ ಕಟ್ಟೆಗೆ. ಒಮ್ಮೆ ಕ್ಷೌರಿಕ ಪಾದ್ರಿಯ ಒಂದೇ ಕೆನ್ನೆ ಬೋಳಿಸಿ ಓಡಿದ್ದ. ಪಾದ್ರಿ ಉಳಿದ ನೊರೆ ಸಮೇತ ಅವನ ಹಿಂದೆಯೇ ಓಡಿ ಹುಟ್ಟು ಹಿಡಿದಿದ್ದರು. ಯಾರೂ ನಗಲಿಲ್ಲ, ಪುರಸೊತ್ತು ಇರಲಿಲ್ಲ.

ಎಬನಣ್ಣನ ಹೆಂಡತಿ ಬೇಗ ತೀರಿಕೊಂಡಳು. ಉಳಿದವನು ಒಬ್ಬನೇ ಮಗ, ಹ್ಯೂ. ನಮ್ಮವರ ದೋಣಿಯಲ್ಲಿ ಈಟಿ ಎಸೆಯುವವನು ಅವನೇ.

ಜರ್ಮನಿಯ ಜೊತೆ ದೊಡ್ಡ ಯುದ್ಧ ಶುರುವಾಗಿ ಎರಡು ವರ್ಷ ದಾಟಿತ್ತು. ತಾವಾಗಿ ಹೋಗುವ ಹುಡುಗರು ಕಡಿಮೆಯಾಗಿದ್ದರು. ವಯಸ್ಸಿನ ಹುಡುಗರನ್ನು ಕಡ್ಡಾಯವಾಗಿ ಕಡಲಾಚೆ ಕಳಿಸಬಹುದೇ ಎಂದು ಸರ್ಕಾರ ನಮ್ಮನ್ನೇ ಮತ ಹಾಕಿ ಹೇಳಿ ಅಂದಿತ್ತು. ಹೌದು ಅನ್ನಿಸಲು ಮೇಯರ್ ಲಡ್‌ಲೋ ಟೊಂಕ ಕಟ್ಟಿ ನಿಂತರು. ಸಿಡ್ನಿಯಿಂದ ಬಂದು ಅಂಗಡಿ ಇಟ್ಟವರು, ದೋಣಿ ಹತ್ತಿದವರಲ್ಲ. ಇನ್ನು ಮೇಲೆ ಶತ್ರುವಿನ ಹಡಗು ಕಂಡರೂ ಗುಡ್ಡದ ಗಂಟೆ ಹೊಡೆಯಬೇಕು ಎಂದು ಸಾರಿದರು. ನಾವೆಲ್ಲ ಆಗಲಿ ಅಂದೆವು.

ಒಂದು ದಿನ ನಾನು ಗುಡಿಸಲಲ್ಲಿ ಚಹಾ ಸೋಸುತ್ತಿದ್ದಾಗ ಲಡ್‌ಲೋ ಏದುಸಿರು ಬಿಡುತ್ತ ಹತ್ತಿ ಬಂದರು.

"ಪರ್ಕಿಸ್, ಜನ ಆಕಳಿಸ್ತಿದಾರೆ. ಭೂಪಟ ತೋರಿಸ್ದೆ, ಬೆಲ್ಜಿಯಂ ಗೋಳು ಹೇಳ್ದೆ. ಬೇಕರಿಯವನು ನನ್ನೆದುರೇ ಗೊರಕೆ ಹೊಡೆದ. ಎದೆ ಝಲ್ ಅನ್ಬೇಕು ಕಣಯ್ಯ, ಆಗ ಕೈ ತಾನಾಗೇ ಏಳುತ್ತೆ. ಶನಿವಾರ ಸಭೆ. ಕಿಟಕಿಯಿಂದ ಬಿಳಿ ಕರವಸ್ತ್ರ ಬೀಸ್ತೀನಿ, ನೀನು ಗಂಟೆ ಹೊಡಿ."

"ಹಡಗು ಇರಲ್ವಲ್ಲ?"

"ಇದೆ ಅಂತ ನಾನೆಲ್ಲಿ ಅಂದೆ? ಮಂಜಲ್ಲಿ ಏನೋ ಕಂಡ ಹಾಗಾಯ್ತು ಅಂದ್ಬಿಡು. ನಿನ್ನ ಹ್ಯೂ ವಿಷಯಕ್ಕೆ ನಾನು ಒಂದು ಮಾತು ಹಾಕ್ತೀನಿ. ಯಾರೇ ಹೋಗ್ಲಿ, ಅವನು ಹೋಗಲ್ಲ."

ಎಬನಣ್ಣ ಸಮುದ್ರ ಬಿಟ್ಟು ಪೂರ್ತಿ ತಿರುಗಿ ಅವರ ಮುಖ ನೋಡಿದ. ಕೆಲಸದ ಹೊತ್ತಲ್ಲಿ ಅವನು ತಿರುಗಿದ್ದು ನಾನು ಕಂಡಿದ್ದು ಅದೊಂದೇ ಸಲ.

ಅವರು ಇಳಿದು ಹೋದ ಮೇಲೆ, "ಇಲ್ಲದ್ದನ್ನ ಇದೆ ಅಂತ ನಾನು ಯಾವತ್ತೂ ಹೊಡೆದಿಲ್ಲ ಡೋರ್ಕಸ್" ಅಂದ.

"ಹ್ಯೂನ ಒಂದು ಮಾತು ಕೇಳು."

"ಕೇಳಿದ್ರೆ ಬೇಡ ಅಂತಾನೆ. ಅದಕ್ಕೇ ಕೇಳಲ್ಲ."

ಶನಿವಾರ ಮಧ್ಯಾಹ್ನ ಸಭಾಭವನ ತುಂಬಿತ್ತು. ಭೂಪಟದಲ್ಲಿ ಜರ್ಮನಿಯಿಂದ ಹೊರಟ ಕೆಂಪು ಬಾಣ ಅರ್ಧ ಭೂಮಿ ಸುತ್ತಿ ನೇರ ನಮ್ಮ ಕಟ್ಟೆಗೆ ಬಂದು ನಾಟಿತ್ತು.

"ಅಷ್ಟು ದೂರದಿಂದ ನಮ್ಮೂರಿಗೇ ಯಾಕೆ ಬರ್ತಾರೆ ಸ್ವಾಮಿ?" ಅಂದಳು ಬೇಕರಿಯ ಬೆಸಿ.

"ನಿಮ್ಮ ಮನೆ, ನಿಮ್ಮ ಮಕ್ಕಳು, ನಿಮ್ಮ ಹಸು!"

"ನಮ್ಮ ಹಸು ಒದೆಯುತ್ತೆ. ಹೇಳಿಬಿಡಿ ಅವ್ರಿಗೆ."

ಲಡ್‌ಲೋ ದನಿ ಏರಿಸಿದರು. ಈ ಗಳಿಗೆಯಲ್ಲೇ, ಮಂಜಿನ ಮರೆಯಲ್ಲೇ, ಅಂತ ಹೇಳುತ್ತ ಕಿಟಕಿಯ ಹತ್ತಿರ ಹೋಗಿ ಕರವಸ್ತ್ರದಿಂದ ಬೆವರು ಒರೆಸಿಕೊಂಡು, ಅದನ್ನು ಹೊರಗೆ ಬೀಸಿದರು. ಗುಡ್ಡದ ಮೇಲೆ ಗಂಟೆ ಢಣಢಣ ಅಂದಿತು. ಅದರ ಬೆನ್ನಿಗೇ ಎಬನಣ್ಣನ ಗಂಟಲು: "ಚಿಮ್ತೋ! ಚಿಮ್ತೋ!"

ಇಡೀ ಸಭೆ ಒಮ್ಮೆಗೇ ಎದ್ದಿತು. ಲಡ್‌ಲೋ ಮುಖ ಅರಳಿತು. "ಹೆದರಬೇಡಿ! ಕೂತ್ಕೊಳಿ! ಕೈ ಎತ್ತಿ!" ಯಾರು ಕೇಳುತ್ತಾರೆ? ನಮ್ಮವರು ಕಿಟಕಿ ಹಾರಿದರು. ಪಾದ್ರಿ ಬೆಂಚು ಹಾರಿದರು. ಮೇಯರ್ ಪಕ್ಕದಲ್ಲಿ ಕೂತಿದ್ದ ಪುರಸಭೆ ಸದಸ್ಯರು ಕೋಟು ಕಳಚುತ್ತಾ ಓಡಿದರು. ನಾನು ರೊಟ್ಟಿಯ ಚೀಲಕ್ಕೆ ಓಡಿದೆ. ಲಡ್‌ಲೋ ಎದುರು ಉಳಿದದ್ದು ಪಾದ್ರಿಯ ಕಿವಿ ಮಂದವಾದ ತಾಯಿ ಒಬ್ಬರೇ. "ಮುಂದೆ ಹೇಳಪ್ಪಾ, ನಾನು ಕೇಳ್ತಿದೀನಿ" ಅಂದರಂತೆ.

ಮೂರು ದೋಣಿ ಹೊತ್ತು ಇಳಿಯುವ ತನಕ ಕೊಲ್ಲಿಯನ್ನೆಲ್ಲ ಜಾಲಾಡಿದವು. ತಿಮಿಂಗಿಲದ ಬಾಲವೂ ಸಿಗಲಿಲ್ಲ. ಕಟ್ಟೆಯ ಮೇಲೆ ಎಬನಣ್ಣ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಎಲ್ಲಪ್ಪಾ ನಿನ್ನ ಮೀನು?" ಅಂದರು ನಮ್ಮವರು.

"ಇರ್ಲಿಲ್ಲ. ಮೇಯರು ಹೊಡಿ ಅಂದ್ರು, ಹ್ಯೂನ ಬಿಡಿಸ್ತೀನಿ ಅಂದ್ರು. ಗಂಟೆ ಒಂದೇ ಹೊಡೆಯೋದು ಅಂತ ಮಾತಾಗಿತ್ತು. ಕೈ ಹಗ್ಗ ಎಳೀತು, ಬಾಯಿ ತಾನೇ ಕೂಗಿಬಿಡ್ತು. ಅಭ್ಯಾಸ ನೋಡಿ."

ಕಟ್ಟೆಯೆಲ್ಲ ನಗುತ್ತಿದ್ದಾಗ ಹ್ಯೂ ದೋಣಿಯಿಂದ ಇಳಿದು ಬಂದ. "ನನ್ನೊಬ್ಬನ್ನ ಉಳಿಸೋಕೆ ಇವರನ್ನೆಲ್ಲ ಹೆದರ್ಸೋಕೆ ಹೋದ್ಯಾ ಅಪ್ಪಾ?"

"ಹೋದೆ. ಯಾರು ಹೆದರಿದ್ರೋ? ಎಲ್ಲ ಹಲ್ಲು ಬಿಟ್ಕೊಂಡು ಓಡಿಬಂದ್ರು." ಹೇಳಿದವನು ಮಗನ ಕಡೆ ನೋಡದೆ ದೋಣಿಯ ಹಗ್ಗ ಕಟ್ಟಲು ಬಾಗಿದ.

ಅಷ್ಟರಲ್ಲಿ ಲಡ್‌ಲೋ ಬಂದರು, ಭೂಪಟ ಕಂಕುಳಲ್ಲಿತ್ತು. "ನಿನ್ನ ಮಗ ಹೋಗೇ ಹೋಗ್ತಾನೆ ಪರ್ಕಿಸ್! ಇನ್ನು ನನ್ನ ಬಾಯಿಂದ ಒಂದು ಮಾತೂ ಬರಲ್ಲ!"

ನಗುತ್ತಿದ್ದವರು ನಿಲ್ಲಿಸಿದರು. ಬೆಸಿಗೆ ಇಬ್ಬರು ಗಂಡುಮಕ್ಕಳು. ಅವಳು ಮುಂದೆ ಬಂದು ಮೆಲ್ಲಗೆ ಕೇಳಿದಳು: "ನಿಮ್ಮ ಒಂದು ಮಾತಿಗೆ ಹುಡುಗ ಉಳೀತಾನಾ ಸ್ವಾಮಿ? ಹಾಗಾದ್ರೆ ಅಂಥ ಮಾತು ಯಾರ್ಯಾರ ಮಕ್ಕಳಿಗೆ ಕೊಟ್ಟಿದೀರಿ?"

ಲಡ್‌ಲೋ ಭೂಪಟ ಸುತ್ತುತ್ತಾ ಸುತ್ತುತ್ತಾ ಹೊರಟುಹೋದರು.

ಮತದ ದಿನ ನಾವು ಹೆಂಗಸರು ಒಟ್ಟಿಗೆ ಹೋದೆವು. ನಮ್ಮ ಕೊಲ್ಲಿ ಬೇಡ ಅಂದಿತು, ದೇಶವೂ ಬೇಡ ಅಂದಿತು. ಹ್ಯೂ ಉಳಿದ. ಆದರೂ ಎಬನಣ್ಣ ಆಮೇಲೆ ಗಂಟೆ ಹೊಡೆದಾಗ ದೋಣಿಯವರು ಒಂದು ಕ್ಷಣ ತಡೆದು ಓಡುತ್ತಿದ್ದರು. ಆ ಒಂದು ಕ್ಷಣ ಅವನಿಗೆ ಗುಡ್ಡದಿಂದ ಕಾಣುತ್ತಿತ್ತು. ಯಾರನ್ನೂ ದೂರಲಿಲ್ಲ.

ಮರುವರ್ಷ ಕೊನೆಗೆ ಅವನಿಗೆ ಎದೆ ಕಟ್ಟಿತು, ಹಾಸಿಗೆ ಹಿಡಿದ. ಅದೇ ಹೊತ್ತಿಗೆ ಸರ್ಕಾರ ಅದೇ ಪ್ರಶ್ನೆಗೆ ಮತ್ತೆ ಮತ ಕೇಳಿತು. ನಾನು ಕುರಿಮಾಂಸದ ಸಾರು ಕುಡಿಸುತ್ತ ಊರ ಸುದ್ದಿ ಹೇಳಿದೆ: ಲಡ್‌ಲೋ ಮತ್ತೆ ಸಭೆ ಕರೆದಿದ್ದಾರೆ, ಹೊಸ ಭೂಪಟ ತರಿಸಿದ್ದಾರೆ, ಹೋದ ಸಲಕ್ಕಿಂತ ದೊಡ್ಡದು, ಕೆಂಪು ಬಾಣವೂ ದಪ್ಪ. ಹ್ಯೂ ಬಾಗಿಲಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಎಬನಣ್ಣ ಅವನನ್ನು ತುಂಬ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ಹೊರಳಿ ಕೇಳಿದ:

"ಈ ಸಲ ನಮ್ಮ ಕಟ್ಟೆಗೆ ಯಾರು ಬರ್ತಾರಂತೆ ಡೋರ್ಕಸ್?"