ಅಕ್ಕನ ಎಡಗೈ

ಇಂಥವನ್ನೆಲ್ಲ ನಾನು ನಂಬುವವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು, ಯಾರಾದರೂ ಪವಾಡ ಅಂದರೆ ಪ್ರೂಫ್ ಎಲ್ಲಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ಕೇಳುತ್ತೇನೆ. ಆದರೆ ಗೋಕಾಕದ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಕಂಡದ್ದನ್ನು ಕಂಡೆ ಎನ್ನಲು ನನಗೆ ಸಂಕೋಚವಿಲ್ಲ.

ಹುಕ್ಕೇರಿಯ ನನ್ನ ಅಕ್ಕನಿಗೆ ಲಕ್ವಾ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಗುಟುಕು ನೀರು ಕೊಟ್ಟರೂ ಉಸಿರಿಗೆ ಸಿಕ್ಕಿ ಕೆಮ್ಮುತ್ತಿದ್ದಳು. ಮೂಗಿನಿಂದ ಹೊಟ್ಟೆಯವರೆಗೆ ಟ್ಯೂಬ್ ಹಾಕಿ ಅದರಲ್ಲೇ ಗಂಜಿ, ಹಾಲು ಕೊಡಬೇಕೆಂದರು ಡಾಕ್ಟರು. ಟ್ಯೂಬ್ ಗಂಟಲಿಗೆ ಬಂದಾಗ ಪೇಶೆಂಟ್ ನುಂಗಿದರೆ ಸಲೀಸಾಗಿ ಇಳಿಯುತ್ತದೆ. ಅಕ್ಕ ನುಂಗಲೊಲ್ಲಳು. ಪ್ರತಿ ಸಲವೂ ಅದು ಬಾಯಲ್ಲೇ ಸುರುಳಿ ಸುತ್ತಿಕೊಳ್ಳುತ್ತಿತ್ತು. ಇನ್ನೊಮ್ಮೆ ನೋಡೋಣ, ಆಗದಿದ್ದರೆ ಬೆಳಗಾವಿಗೆ ಒಯ್ದು ಹೊಟ್ಟೆಗೇ ತೂತು ಮಾಡಿ ಹಾಕಬೇಕು, ಅವಳ ವೀಕ್ ಹಾರ್ಟ್ ತಡೆಯುವುದು ಕಷ್ಟ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು.

ಒಳಗೆ ಬಂದಾಗ ಅಕ್ಕನ ಸೊಸೆ ಮೆಲ್ಲಗೆ ಅಂದಳು: “ಸಣ್ಣತ್ತಿ, ಲಿಂಗಪೂಜಿ ಆಗದೆ ಅತ್ತಿ ಯಾವತ್ತರ ಬಾಯಾಗ ನೀರ ಹಾಕ್ಕೊಂಡಾರೇನ್ರಿ?”

ಖರೆ. ಅಕ್ಕನ ಆ ನೇಮಕ್ಕೆ ನಾನು ನಗುತ್ತಿದ್ದೆ. “ನಿನಗೇನವಾ, ಎದ್ದ ಕೂಡ್ಲೆ ಬ್ರೆಡ್ ಬೇಕು” ಎಂದು ಅವಳು ಚುಚ್ಚುತ್ತಿದ್ದಳು. ಸ್ಕ್ಯಾನಿಂಗಿಗೆಂದು ಕೊರಳಿಂದ ತೆಗೆಸಿದ್ದ ಇಷ್ಟಲಿಂಗದ ಕರಡಿಗೆ ನನ್ನ ಪರ್ಸಿನಲ್ಲೇ ಇತ್ತು. ಸೊಸೆಯ ಸಮಾಧಾನಕ್ಕೆಂದು ಲಿಂಗವನ್ನು ಅಕ್ಕನ ಎಡ ಅಂಗೈ ಮೇಲಿಟ್ಟೆ. ಪೂಜೆಗೆ ಎಡಗೈಯೇ ಪೀಠ. ಜಾರದಂತೆ ಹಿಡಿಯೋಣವೆಂದು ಬಗ್ಗಿದೆ.

ಹಿಡಿಯಬೇಕಾಗಲಿಲ್ಲ. ಆ ಕೈ ಹಾಸಿಗೆ ಬಿಟ್ಟು ತಾನಾಗಿ ಎದ್ದಿತು. ನಿಧಾನವಾಗಿ ಎದ್ದು, ನಡುಗದೆ, ಮುಖದ ಎದುರು ನಿಂತಿತು. ಅಕ್ಕ ಕಣ್ಣು ತೆರೆದು ನೋಡಿದಳು. ಇನ್ನೊಮ್ಮೆ ನೋಡಲೆಂದು ಟ್ಯೂಬ್ ಹಿಡಿದು ಪಕ್ಕದಲ್ಲೇ ನಿಂತಿದ್ದ ನರ್ಸ್ ಆ ಹೊತ್ತು ಬಿಡಲಿಲ್ಲ. ಟ್ಯೂಬ್ ಇಳಿಸುತ್ತ “ನುಂಗ್ರಿ ಅಮ್ಮಾ, ನುಂಗ್ರಿ” ಎಂದಳು. ಅಕ್ಕ ನುಂಗಿದಳು. ಟ್ಯೂಬ್ ಒಳಗೆ ಹೋಯಿತು. ಆಮೇಲೆ ಕೈ ಮೆಲ್ಲಗೆ ಕೆಳಗಿಳಿಯಿತು. ಲಿಂಗ ನಾನು ಎತ್ತಿಕೊಂಡೆ. ಎಕ್ಸ್‌ರೇಯಲ್ಲೂ ಟ್ಯೂಬ್ ಹೊಟ್ಟೆಯಲ್ಲೇ ಕಂಡಿತು. ಸಂಜೆ ಹಾಲು ಕೊಟ್ಟರು.

ಡಾಕ್ಟರು ರಿಫ್ಲೆಕ್ಸ್ ಎಂದರು. ಇರಲಿ. ರಿಫ್ಲೆಕ್ಸ್ ಅಂದರೇನೆಂದು ನಾನೂ ಓದಿದ್ದೇನೆ. ಅದು ಹಾಗೆ ನಿಲ್ಲುವುದಿಲ್ಲ. ಅಕ್ಕ ಮತ್ತೆ ಬಾಯಿಂದ ಉಣ್ಣತೊಡಗಿದ ಮೇಲೆ ಆ ಮಧ್ಯಾಹ್ನದ ಬಗ್ಗೆ ಅವಳನ್ನೇ ಕೇಳಿದೆ.

“ನನಗೇನೂ ನೆನಪಿಲ್ಲ ತಂಗಿ. ಭಾಳ ಹಸಿವಾಗಿತ್ತು, ಅಷ್ಟ” ಎಂದು ಅರ್ಧ ಬಾಯಲ್ಲಿ ನಕ್ಕಳು.

ಈಗ ಅವಳು ಮೂಡಲಗಿಯ ನನ್ನ ಮನೆಯಲ್ಲಿದ್ದಾಳೆ. ಆ ಎಡಗೈ ಮತ್ತೆ ಎದ್ದಿಲ್ಲ. ದಿನಾ ಬೆಳಿಗ್ಗೆ ಪೂಜೆಗೆ ಅದನ್ನು ಎತ್ತಿ ಹಿಡಿಯುವವಳು ನಾನೇ. ಅದು ಎಷ್ಟು ಭಾರ ಎಂಬುದು ನನಗೆ ಗೊತ್ತು.