'ಬೆನ್ನು' ಒತ್ತಿದರೆ

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಲ್ಲಿ ಹಿರಿಯರಿಗಾಗಿ ಒಂದು ವೆಬ್‌ಸೈಟ್ ಮಾಡಿದ್ವಿ. ಹಾಡು, ಆಟ, ಮನೆಮದ್ದು, ಎಲ್ಲಾ ಕನ್ನಡದಲ್ಲೇ. ಬಳಸಿ ನೋಡಲಿ ಅಂತ ನಮ್ಮ ಮನೆ ಓನರ್ ತಾಯಿ ಗೌರಮ್ಮನವರ ಕೈಗೆ ಫೋನ್ ಕೊಟ್ಟೆ. ಮನೆಮದ್ದಿನ ಪುಟದಲ್ಲಿ 'ಬೆನ್ನು' ಅಂತಿದ್ದ ಬಟನ್ ಒತ್ತಿದರು. ಹಿಂದಿನ ಪುಟ ಬಂತು. ಮತ್ತೆ ಮತ್ತೆ ಒತ್ತಿದರು.

"ಇದೇನಪ್ಪಾ, ಬೆನ್ನುನೋವಿಗೆ ಮದ್ದು ಯೋಳು ಅಂದ್ರೆ ಇಂದಿಂದಕ್ಕೇ ಓಯ್ತದೆ?"

ನಮ್ಮ ಆಫೀಸಿನವರೇ ಯಾರೋ ಇಂಗ್ಲಿಷಿನ 'ಬ್ಯಾಕ್' ಅನ್ನು ಮೆಷಿನ್ ಕೈಲಿ ಅನುವಾದ ಮಾಡಿಸಿ, ಓದಿಯೂ ನೋಡದೆ ಅಂಟಿಸಿದ್ದರು! ಮೈಯೆಲ್ಲ ಉರಿದುಹೋಯಿತು. ಮಾರನೇ ದಿನ ಮ್ಯಾನೇಜರ್ ಮುಂದೆ ಕೂಗಾಡಿದೆ: "'ಹಿಂದಕ್ಕೆ' ಅಂತ ಹಾಕ್ಸಿ ಸಾರ್!"

"ಬೇಡ ಕಣ್ರೀ," ಅಂದರು. "ಇಡೀ ಸೈಟಲ್ಲಿ ಜಾಸ್ತಿ ಕ್ಲಿಕ್ ಬಿದ್ದಿರೋದೇ ಅದಕ್ಕೆ. ಜನ ಇಷ್ಟಪಟ್ಟಿದ್ದಾರೆ."

ಬೀಳದೆ ಇನ್ನೇನು? ಗೌರಮ್ಮನವರ ಬೆನ್ನುನೋವು ಇನ್ನೂ ಹೋಗಿಲ್ಲವಲ್ಲ!